ಅಣ್ಣನವರು ಕೇಳಿದ ದಾರಿ

ದಾರಿಯು ಕಾಲಿಗೆ ಸೇರಿದ್ದೋ ಕಣ್ಣಿಗೆ ಸೇರಿದ್ದೋ ಎಂಬ ಪ್ರಶ್ನೆಯನ್ನು ನಾವು ಅರವತ್ತಾರರ ವಯಸ್ಸಿನವರೆಗೂ ಕೇಳಿಕೊಂಡಿರಲಿಲ್ಲ. ನಮ್ಮ ಹಿರಿಯಣ್ಣನವರು ದೃಷ್ಟಿ ಕಳೆದುಕೊಂಡು, ಖಾನಾಪುರದ ಮನೆಗೆ ಬೀಗ ಹಾಕಿ, ಬೆಳಗಾವಿಯ ನಮ್ಮ ಮನೆಗೆ ಬಂದು ನೆಲೆಸಿದ ಮೇಲೆ ಆ ಪ್ರಶ್ನೆ ನಮ್ಮ ಪಡಸಾಲೆಯಲ್ಲಿಯೇ ಬಂದು ಕುಳಿತುಕೊಂಡಿತು. ಅದಕ್ಕೆ ಉತ್ತರವನ್ನು ಹುಡುಕಿಕೊಟ್ಟವಳು ನಮ್ಮ ಮಗಳ ಮಗಳು. ಆ ಉತ್ತರವನ್ನು ಅವಳು ತಂದದ್ದು ಆಕಾಶದಿಂದ ಎಂದರೆ ಓದುಗ ಬಂಧುಗಳು ನಗಬಾರದು. ನಡೆದ ಸಂಗತಿಯನ್ನು ನಡೆದಂತೆಯೇ ಇಲ್ಲಿ ನಿವೇದಿಸಿಕೊಳ್ಳುತ್ತೇವೆ.

ಅಣ್ಣನವರಿಗೆ ಈಗ 78 ವರ್ಷ. ನಮ್ಮ ತಂದೆಯವರು ತೀರಿಕೊಂಡಾಗ ನಾವು ನಾಲ್ಕು ವರ್ಷದ ಕೂಸು. ಅಣ್ಣನವರು ಹದಿನಾರರ ಹುಡುಗ. ಅಂದಿನಿಂದ ನಮಗೆ ತಂದೆಯೂ ಅವರೇ, ಅಣ್ಣನೂ ಅವರೇ. ಮುಂದೆ ಅಂಚೆ ಇಲಾಖೆಯಲ್ಲಿ ಕೆಲಸ ದೊರೆತು, ಖಾನಾಪುರ ತಾಲೂಕಿನ ಹಳ್ಳಿಗಳಿಗೆ ಮೂವತ್ತು ವರ್ಷಕ್ಕೂ ಮಿಗಿಲಾಗಿ ಕಾಗದದ ಚೀಲ ಹೊತ್ತು ನಡೆದರು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ಮಳೆಯನ್ನೂ, ಭೀಮಗಡದ ಕಡೆಯ ಕಾಡನ್ನೂ ಅವರ ಕಾಲುಗಳು ಬಲ್ಲವು. ಅಂಥವರ ಕಣ್ಣನ್ನು ಗ್ಲಾಕೋಮಾ ಎಂಬ ರೋಗವು ಸದ್ದಿಲ್ಲದೆ ತಿಂದುಹಾಕಿತು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಕ್ಷೀಣಿಸುವ ಈ ರೋಗದಲ್ಲಿ ಮೊದಲು ಅಂಚಿನ ನೋಟ ಹೋಗುತ್ತದೆ; ನೇರದ ನೋಟ ಉಳಿದಿರುವುದರಿಂದ ರೋಗಿಗೆ ತಿಳಿಯುವುದೇ ಇಲ್ಲ. ತಿಳಿಯುವ ಹೊತ್ತಿಗೆ ಬಹಳ ತಡವಾಗಿತ್ತು.

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್ ಹಾದಿ. ಮದುವೆ ಮುಂಜಿಗೆಂದು ಅಣ್ಣನವರನ್ನು ಮೋಟಾರಿನಲ್ಲಿ ಕರೆದೊಯ್ಯುವಾಗಲೆಲ್ಲ ಅವರು ಗಳಿಗೆಗೊಮ್ಮೆ ಕೇಳುತ್ತಿದ್ದರು: “ಈಗ ಎಲ್ಲಿಗೆ ಬಂದೆವು?” ನಾವು “ದೇಸೂರು” ಎನ್ನುವೆವು, “ಇದ್ದಲಹೊಂಡ” ಎನ್ನುವೆವು. ಮೊದಮೊದಲು ಅವರು ಕೇಳುವ ಮುನ್ನವೇ ಬಲ್ಲವರಾಗಿದ್ದರು. ಸಾಲುಮರಗಳ ನೆರಳು ಮೈಮೇಲೆ ತಂಪಾಗಿ ಹಾಯುವುದನ್ನು ಎಣಿಸಿ ಊರು ಹೇಳುತ್ತಿದ್ದರು. ಹೆದ್ದಾರಿ ಅಗಲವಾದಾಗ ಹಳೆಯ ಮರಗಳು ಬಹುಮಟ್ಟಿಗೆ ಹೋದವು. ಮರದೊಡನೆ ಅವರ ಗುರುತುಗಳೂ ಹೋದವು. ಒಂದು ದಿನ ಬೇಸತ್ತು, “ನೀವು ಊರಿನ ಹೆಸರು ಹೇಳುತ್ತೀರಿ. ನನಗೆ ಹೆಸರು ಬೇಡ, ದಾರಿ ಬೇಕು” ಎಂದುಬಿಟ್ಟರು. ಅನಂತರ ಅವರು ಎಲ್ಲಿಗೂ ಬರಲು ಒಪ್ಪಲಿಲ್ಲ. ನಾವೂ ಬಹಳ ಒತ್ತಾಯಿಸಲಿಲ್ಲ. ಒತ್ತಾಯಿಸದೆ ಇದ್ದುದು ನಮ್ಮ ಅನುಕೂಲಕ್ಕಾಗಿಯೇ ಎಂಬುದನ್ನು ಇಂದು ಒಪ್ಪಿಕೊಳ್ಳಲೇಬೇಕು.

ಆ ಮಾತನ್ನು ಮರೆಯದೆ ಮನಸ್ಸಿನಲ್ಲಿಟ್ಟುಕೊಂಡವಳು ಮೊಮ್ಮಗಳು. ಅವಳು ನಗರದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಒಂದು ಸಂಜೆ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಗ್ರಾಹಕಯಂತ್ರವನ್ನು ತಂದು ಮೇಜಿನ ಮೇಲಿಟ್ಟು, “ಅಜ್ಜಾ, ದೊಡ್ಡಜ್ಜನವರಿಗೆ ಖಾನಾಪುರದ ದಾರಿಯನ್ನು ಕೇಳಿಸುತ್ತೇನೆ” ಎಂದಳು. ದಾರಿಯನ್ನು ಕೇಳಿಸುವುದೆಂದರೇನು? ಮಕ್ಕಳಾಟವೆಂದು ನಾವು ನಕ್ಕೆವು. ಅವಳು ನಗಲಿಲ್ಲ. ಹಲವು ದಿನಗಳ ಕಾಲ ಅವಳು ನಮಗೆ ತಿಳಿಸಿಹೇಳಿದ್ದನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

ಜಿ.ಪಿ.ಎಸ್. ಎಂಬ ಮೂರಕ್ಷರ ಇಂದು ಮನೆಮಾತಾಗಿದೆ. ಆದರೆ ಮೇಲಿರುವ ಉಪಗ್ರಹವು ನಮ್ಮನ್ನು ನೋಡುತ್ತಿದೆ, ಎಲ್ಲಿದ್ದೇವೆಂದು ಬಲ್ಲದು ಎಂದು ಅನೇಕರು ಭಾವಿಸಿದ್ದಾರೆ. ನಾವೂ ಹಾಗೆಯೇ ಭಾವಿಸಿದ್ದೆವು. ಅದು ಸರಿಯಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆ ಎರಡು ಸುತ್ತು ತಿರುಗುವ ಆ ಉಪಗ್ರಹಗಳು ಸಾರುವುದು ಮುಖ್ಯವಾಗಿ ಎರಡೇ ಮಾತು: ಈಗ ಹೊತ್ತು ಎಷ್ಟು, ತಾನು ಎಲ್ಲಿದ್ದೇನೆ. ಊರ ಗೋಪುರದ ಗಂಟೆಯು ಯಾರು ಕೇಳಿದರೂ ಕೇಳದಿದ್ದರೂ ಹೊತ್ತನ್ನು ಸಾರುವಂತೆ ಅವೂ ಸಾರುತ್ತವೆ. ಆ ಮಾತು ಬೆಳಕಿನ ವೇಗದಲ್ಲಿ ಬಂದರೂ ನಮ್ಮನ್ನು ಮುಟ್ಟಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಪಾಲಿನಷ್ಟು ಕಾಲ ಬೇಕು. ಎಷ್ಟು ತಡವಾಯಿತು ಎಂಬುದರಿಂದ ಎಷ್ಟು ದೂರ ಎಂಬುದನ್ನು ಗ್ರಾಹಕಯಂತ್ರವು ತಾನೇ ಲೆಕ್ಕ ಹಾಕುತ್ತದೆ. ಹೀಗೆ ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ನೆಲೆ ತಿಳಿಯುತ್ತದೆ. ಮೂರು ನೆಲೆಗಾಗಿ, ನಾಲ್ಕನೆಯದು ನಮ್ಮ ಕೈಯಲ್ಲಿರುವ ಅಗ್ಗದ ಗಡಿಯಾರದ ತಪ್ಪನ್ನು ತಿದ್ದುವುದಕ್ಕಾಗಿ. ಹೊತ್ತಿನಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಆದ್ದರಿಂದಲೇ ಉಪಗ್ರಹಗಳು ಪರಮಾಣು ಗಡಿಯಾರಗಳನ್ನು ಹೊತ್ತಿರುತ್ತವೆ.

ನಮ್ಮ ದೇಶವೂ ಈ ವಿದ್ಯೆಯಲ್ಲಿ ಪರಾಧೀನವಾಗಿ ಉಳಿಯಲಿಲ್ಲ. 2013ರ ಜುಲೈ 1ರಂದು ನಮ್ಮ ಪಥನಿರ್ದೇಶಕ ಉಪಗ್ರಹಮಾಲೆಯ ಮೊದಲನೆಯದು ಮೇಲೇರಿತು. ಅದೇ ವರ್ಷ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಇಸ್ರೋದ ಪಥನಿರ್ದೇಶನ ಕೇಂದ್ರ ಆರಂಭವಾಯಿತು. 2016ರಲ್ಲಿ ಈ ವ್ಯವಸ್ಥೆಗೆ ‘ನಾವಿಕ್’ ಎಂದು ಹೆಸರಿಟ್ಟರು. ಮೊದಲ ಉಪಗ್ರಹಗಳಿಗೆ ಹೊರದೇಶದ ಪರಮಾಣು ಗಡಿಯಾರಗಳನ್ನು ಅಳವಡಿಸಿದ್ದರು; ಅವುಗಳಲ್ಲಿ ಕೆಲವು ಕೆಟ್ಟು ತೊಂದರೆಯಾಯಿತು. 2023ರ ಮೇ 29ರಂದು ಹಾರಿಸಿದ ಎನ್.ವಿ.ಎಸ್.-01 ಉಪಗ್ರಹದಲ್ಲಿ ಮೊದಲ ಬಾರಿಗೆ ಸ್ವದೇಶಿ ರುಬಿಡಿಯಂ ಗಡಿಯಾರವನ್ನು ಇಟ್ಟರು. ಈ ಮಾಲೆಯ ಕೆಲವು ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಓರೆಯಾದ ಕಕ್ಷೆಯಲ್ಲಿ ತಿರುಗುತ್ತವೆ. ಅವುಗಳ ನೇರ ಕೆಳಗಿನ ಬಿಂದುವನ್ನು ಭೂಪಟದ ಮೇಲೆ ಗುರುತಿಸುತ್ತ ಹೋದರೆ ದಿನಕ್ಕೊಮ್ಮೆ ಎಂಟರ ಅಂಕಿಯಂತೆ ಒಂದು ಗೆರೆ ಮೂಡುತ್ತದೆ. ಮೊಮ್ಮಗಳು ಗಣಕಯಂತ್ರದ ಪರದೆಯ ಮೇಲೆ ಅದನ್ನು ತೋರಿಸಿದಾಗ ನಮ್ಮ ಮನೆಯವರು, “ಇದು ಎಳೆ ರಂಗೋಲಿಯ ಸುತ್ತು. ನಮ್ಮ ಅಂಗಳದ್ದೇ ಮೇಲೆ ಹೋಗಿದೆ” ಎಂದರು.

ಆ ಮಾತು ತಮಾಷೆಗೆ ಹೇಳಿದ್ದಾದರೂ ಸರಿಯಾಗಿಯೇ ಇತ್ತು. ಗ್ರಾಹಕಯಂತ್ರವು ಸೆಕೆಂಡಿಗೊಂದರಂತೆ ಒಂದೊಂದು ಸಾಲನ್ನು ಬರೆದಿಡುತ್ತದೆ. ಆ ಸಾಲಿನಲ್ಲಿ ಹೊತ್ತು, ಅಕ್ಷಾಂಶ, ರೇಖಾಂಶ, ಎತ್ತರ, ಆಗ ಎಷ್ಟು ಉಪಗ್ರಹಗಳ ಮಾತು ಕೇಳಿಸಿತು ಎಂಬ ಲೆಕ್ಕ ಇರುತ್ತವೆ. ಒಂದೊಂದು ಸಾಲು ಒಂದೊಂದು ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದರೆ ನಾವು ನಡೆದ ದಾರಿ ಚಿತ್ರವಾಗುತ್ತದೆ. ಚುಕ್ಕಿಯಿಡಲು ಉಪಗ್ರಹ ನೆರವಾಗುತ್ತದೆ. ಎಳೆ ಎಳೆಯುವುದು ಮನುಷ್ಯನ ಕಾಲು.

ಇದನ್ನೇ ಕಲೆಯನ್ನಾಗಿ ಮಾಡಿಕೊಂಡವರು ಹೊರದೇಶಗಳಲ್ಲಿದ್ದಾರೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರವು ಜನಸಾಮಾನ್ಯರಿಗೆ ದೊರೆಯುವ ಜಿ.ಪಿ.ಎಸ್. ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಬೆರೆಸುತ್ತಿತ್ತು. ನೂರು ಮೀಟರಿನಷ್ಟು ಹೆಚ್ಚುಕಡಿಮೆ ಬರುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಸಾಮಾನ್ಯನ ನಡಿಗೆಗೂ ಸ್ಪಷ್ಟವಾದ ಗೆರೆ ದೊರೆಯಿತು. ಇಂಗ್ಲೆಂಡಿನ ಜೆರೆಮಿ ವುಡ್ ಎಂಬ ಕಲಾವಿದರು ಆ ದಿನಗಳಿಂದ ತಮ್ಮ ಓಡಾಟವನ್ನೆಲ್ಲ ಹೀಗೆ ದಾಖಲಿಸಿ, ಲಂಡನ್ನಿನಲ್ಲಿ ತಾವು ತಿರುಗಿದ ವರ್ಷಗಳನ್ನೇ ಒಂದು ಚಿತ್ರವನ್ನಾಗಿ ಮಾಡಿದರು. ಜಪಾನಿನ ಯಾಸುಶಿ ತಾಕಾಹಾಶಿ ಎಂಬವರು 7,000 ಕಿಲೋಮೀಟರಿಗೂ ಹೆಚ್ಚು ಸಂಚರಿಸಿ, ತಮ್ಮ ದೇಶದ ಭೂಪಟದ ಮೇಲೆ ತಮ್ಮ ಗೆಳತಿಗೆ ‘ನನ್ನನ್ನು ಮದುವೆಯಾಗು’ ಎಂಬ ಬರಹವನ್ನು ಮೂಡಿಸಿದರು. ಧ್ವನಿಯ ಕಡೆಗೆ ಬಂದರೆ, ಅಮೆರಿಕದ ನಾಸಾ ಸಂಸ್ಥೆಯ ಆಶ್ರಯದಲ್ಲಿ 2015ರಲ್ಲಿ ಶಂಖದಾಕಾರದ ಒಂದು ಮಂಟಪವನ್ನು ರಚಿಸಿದರು. ಅದರೊಳಗೆ ನಿಂತವರಿಗೆ ಮೇಲೆ ಹಾಯುವ ಒಂದೊಂದು ಉಪಗ್ರಹವೂ ಒಂದೊಂದು ಸದ್ದಾಗಿ ಕೇಳಿಸುವಂತೆ ಏರ್ಪಡಿಸಿದ್ದರು. ಅವು ದಾರಿ ತೋರಿಸುವ ಉಪಗ್ರಹಗಳಲ್ಲ, ಭೂಮಿಯನ್ನು ಅಭ್ಯಸಿಸುವಂಥವು. ಆದರೂ ಕಾಣದ್ದನ್ನು ಕಿವಿಗೆ ಒಪ್ಪಿಸುವ ಉಪಾಯ ಒಂದೇ.

ಇನ್ನೂ ಒಂದು ಸಂಗತಿ ನಮ್ಮನ್ನು ಬೆರಗುಗೊಳಿಸಿತು. ಉಪಗ್ರಹದಿಂದ ನೆಲೆಯನ್ನು ತಿಳಿಯುವ ವಿದ್ಯೆ ಹುಟ್ಟಿದ್ದೇ ಕಿವಿಯಿಂದ! 1957ರ ಅಕ್ಟೋಬರ್ 4ರಂದು ರಷ್ಯಾದ ಸ್ಪುಟ್ನಿಕ್ ಮೇಲೇರಿ ‘ಬೀಪ್ ಬೀಪ್’ ಎನ್ನತೊಡಗಿದಾಗ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಎಂಬ ಇಬ್ಬರು ಯುವ ವಿಜ್ಞಾನಿಗಳು ಅದನ್ನು ಆಲಿಸುತ್ತ ಕುಳಿತರು. ಉಪಗ್ರಹ ಹತ್ತಿರ ಬರುವಾಗ ಸ್ವರ ಏರಿರುತ್ತಿತ್ತು, ದೂರ ಸರಿಯುವಾಗ ಇಳಿಯುತ್ತಿತ್ತು. ಆ ಏರಿಳಿತವೊಂದರಿಂದಲೇ ಅವರು ಅದರ ಕಕ್ಷೆಯನ್ನು ಲೆಕ್ಕ ಹಾಕಿದರು. ಮರುವರ್ಷ ಅವರ ಹಿರಿಯರಾದ ಫ್ರಾಂಕ್ ಮೆಕ್ಲೂರ್ ಅವರು, ಕೇಳುವವನ ನೆಲೆಯಿಂದ ಉಪಗ್ರಹದ ದಾರಿ ತಿಳಿಯುವುದಾದರೆ ಉಪಗ್ರಹದ ದಾರಿಯಿಂದ ಕೇಳುವವನ ನೆಲೆಯೂ ತಿಳಿಯಬೇಕಲ್ಲವೇ ಎಂದು ಲೆಕ್ಕವನ್ನು ತಿರುಗಿಸಿದರು. ಅಲ್ಲಿಂದ ಟ್ರಾನ್ಸಿಟ್ ಎಂಬ ಮೊದಲ ವ್ಯವಸ್ಥೆ ಹುಟ್ಟಿತು, 1978ರಿಂದ ಜಿ.ಪಿ.ಎಸ್. ಉಪಗ್ರಹಗಳು ಮೇಲೇರತೊಡಗಿದವು.

ಇದನ್ನು ನಾವು ಓದಿ ಹೇಳಿದಾಗ ಅಣ್ಣನವರು ಮೊದಲ ಬಾರಿಗೆ ಆಸಕ್ತಿ ತೋರಿಸಿದರು. “ಇದೇನು ಹೊಸ ಮಾತು? ಲೋಂಡಾ ಕಡೆಯಿಂದ ಗಾಡಿ ಬರುವಾಗ ಸೀಟಿ ಏರಿರುತ್ತದೆ, ನಮ್ಮನ್ನು ದಾಟಿದ ಕೂಡಲೇ ಇಳಿಯುತ್ತದೆ. ಕಣ್ಣು ಹೋದ ಮೇಲೆ ಗಾಡಿ ಎಲ್ಲಿದೆ ಎಂದು ನನಗೆ ಅದರಿಂದಲೇ ಗೊತ್ತು” ಎಂದರು. ಧಾರವಾಡ ಆಕಾಶವಾಣಿಯ ಸಂಗೀತವನ್ನು ಒಂದು ದಿನವೂ ತಪ್ಪಿಸದ ಕಿವಿ ಅವರದು. ಬೆಳಗಾವಿಯ ಮಗ್ಗುಲಿನ ಸುಳೇಭಾವಿಯಲ್ಲಿ 1924ರಲ್ಲಿ ಕುಮಾರ ಗಂಧರ್ವರು ಹುಟ್ಟಿದ್ದು ತಮ್ಮ ಸ್ವಂತ ಮನೆಯ ಹೆಮ್ಮೆಯೆಂಬಂತೆ ಮಾತನಾಡುವವರು. ಅಂಥ ಕಿವಿಯನ್ನು ಒಲಿಸುವುದು ಸುಲಭವಲ್ಲವೆಂದು ಮೊಮ್ಮಗಳಿಗೂ ಗೊತ್ತಿತ್ತು.

ಅವಳು ಮಾಡಿದ ಏರ್ಪಾಟು ಹೀಗಿತ್ತು. ಬೆಳಗಾವಿ ಮತ್ತು ಖಾನಾಪುರಗಳ ರೇಖಾಂಶ ಹೆಚ್ಚುಕಡಿಮೆ ಒಂದೇ, ಎರಡೂ 74.5ರ ಆಸುಪಾಸು. ಅಕ್ಷಾಂಶ ಮಾತ್ರ 15.85ರಿಂದ 15.64ರ ಸಮೀಪಕ್ಕೆ ಇಳಿಯುತ್ತದೆ. ಎಂದರೆ ಖಾನಾಪುರ ನಮ್ಮೂರಿಗೆ ಬಹುತೇಕ ನೇರ ದಕ್ಷಿಣದಲ್ಲಿದೆ. ಆದ್ದರಿಂದ ಅವಳು ರೇಖಾಂಶವನ್ನು ತಂಬೂರಿಯ ಶ್ರುತಿಯನ್ನಾಗಿ ಮಾಡಿದಳು. ದಾರಿ ಎಡಕ್ಕೋ ಬಲಕ್ಕೋ ಬಾಗಿದಾಗ ಮಾತ್ರ ಶ್ರುತಿ ಕೊಂಚ ಅಲುಗುತ್ತದೆ. ಅಕ್ಷಾಂಶವನ್ನು ಸ್ವರವನ್ನಾಗಿ ಮಾಡಿದಳು. ದಕ್ಷಿಣಕ್ಕೆ ಸರಿದಂತೆ ತಾರದಿಂದ ಮಂದ್ರಕ್ಕೆ ಇಳಿಯುತ್ತದೆ. ನಡಿಗೆಯ ವೇಗ ತಾಳವಾಯಿತು. ಕೇಳಿಸುವ ಉಪಗ್ರಹಗಳ ಸಂಖ್ಯೆಯು ಜೊತೆಗೂಡುವ ದನಿಗಳ ಸಂಖ್ಯೆಯಾಯಿತು: ಬಯಲಿನಲ್ಲಿ ಹಲವು ದನಿ, ದಟ್ಟ ಮರದ ಕೆಳಗೆ ಕೆಲವೇ ದನಿ. ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಉಪಗ್ರಹದ ಸಂಕೇತವೇ ಹಾಡಾಗಿ ಕೇಳಿಸುತ್ತದೆ ಎಂದಲ್ಲ. ಅದರ ಕಂಪನ ಸೆಕೆಂಡಿಗೆ ನೂರೈವತ್ತು ಕೋಟಿಗೂ ಮಿಗಿಲು, ಕಿವಿಗೆ ನಿಲುಕುವಂಥದಲ್ಲ. ಅಂಕಿಗಳನ್ನು ಸ್ವರಕ್ಕೆ ಹೊಂದಿಸುವುದು ಮನುಷ್ಯನ ಆಯ್ಕೆ. ಆಯ್ಕೆ ಕೆಟ್ಟರೆ ಸಂಗೀತವೂ ಕೆಡುತ್ತದೆ.

ಮೊದಲ ಪ್ರಯತ್ನ ಕೆಟ್ಟಿತು. ಅವಳು ಮೋಟಾರಿನಲ್ಲಿ ಕುಳಿತು ಖಾನಾಪುರದವರೆಗೆ ದಾಖಲಿಸಿಕೊಂಡು ಬಂದಳು. ಚಿತ್ರದಲ್ಲಿ ಬಿಗಿಯಾಗಿ ಎಳೆದ ದಾರದಂತೆ ಒಂದು ಗೆರೆ. ಧ್ವನಿಯಲ್ಲಿ ಮೇಲಿನಿಂದ ಕೆಳಕ್ಕೆ ಜಾರುವ ಒಂದು ಸ್ವರ. ಅಣ್ಣನವರು ಕೊನೆಯವರೆಗೂ ಕೇಳಿ, “ಮಗೂ, ಇದು ಸೊಳ್ಳೆಯ ದನಿ. ದಾರಿ ಅಲ್ಲ” ಎಂದರು. ಹುಡುಗಿಯ ಮುಖ ಚಿಕ್ಕದಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವರೇ, “ಇದರಲ್ಲಿ ಎಲ್ಲೂ ಯಾರೂ ನಿಂತಿಲ್ಲವಲ್ಲ” ಎಂದರು.

ಕಾರ್ತಿಕ ಮಾಸದ ಒಂದು ಮುಂಜಾವಿನಲ್ಲಿ ನಾವು ನಾಲ್ವರೂ ರೈಲಿನಲ್ಲಿ ಖಾನಾಪುರಕ್ಕೆ ಹೊರಟೆವು. ಎಷ್ಟೋ ತಿಂಗಳ ಮೇಲೆ ಅಣ್ಣನವರು ಹೊಸ್ತಿಲು ದಾಟಿದ್ದರು. ನಮ್ಮ ಹುಟ್ಟೂರಿನಿಂದ ಖಾನಾಪುರ ಪೇಟೆಗೆ ಬರುವ ಹಳೆಯ ಹಾದಿಯ ಕೊನೆಯ ಮೂರು ಕಿಲೋಮೀಟರನ್ನು ಮಾತ್ರ ನಡೆಯುವುದೆಂದು ಗೊತ್ತುಮಾಡಿದ್ದೆವು. ಹಾದಿಯ ಆ ತುದಿಗೆ ಆಟೋದಲ್ಲಿ ಹೋಗಿ ಇಳಿದೆವು. ಗ್ರಾಹಕಯಂತ್ರವನ್ನು ಅಣ್ಣನವರ ಟೋಪಿಗೆ ಕಟ್ಟಿದಳು. ಅವರು ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನಮ್ಮ ಹೆಗಲು ಹಿಡಿದು ನಡೆದರು. ಎಲ್ಲಿ ನಿಲ್ಲಬೇಕೆಂದು ನಾವು ಹೇಳಲಿಲ್ಲ. ಅವರು ನಿಂತಲ್ಲಿ ನಿಂತೆವು.

ಮೊದಲು ನಿಂತದ್ದು ಏನೂ ಇಲ್ಲದ ಒಂದು ಜಾಗದಲ್ಲಿ. “ಇಲ್ಲಿ ಹುಣಿಸೆಮರ” ಎಂದರು. ಮರವಿರಲಿಲ್ಲ, ನಾವು ಇಲ್ಲವೆನ್ನಲೂ ಇಲ್ಲ. ಎರಡನೆಯ ಸಲ ನಿಂತದ್ದು ಹಳೆಯ ಆವಿಗೆಯೊಂದರ ಬಳಿ. ಮಡಿಕೆ-ಹಂಚುಗಳಿಗೆ ಹೆಸರಾದ ತಾಲೂಕು ಇದು. ಸುಟ್ಟ ಮಣ್ಣಿನ ವಾಸನೆಯಿಂದಲೇ ಅವರು ಜಾಗವನ್ನು ಹಿಡಿದರು. ಮೂರನೆಯ ಸಲ ನಿಂತದ್ದು ಒಂದು ಸಣ್ಣ ಹಳ್ಳದ ಹತ್ತಿರ. ಈಗ ಅದರ ಮೇಲೆ ಸಿಮೆಂಟಿನ ಸಂಕ. ಅಣ್ಣನವರು ಸಂಕದ ಈಚೆಗೇ ನಿಂತುಬಿಟ್ಟರು. ಐದು ನಿಮಿಷವಾಯಿತು, ಹತ್ತಾಯಿತು. ನಮ್ಮ ಮನೆಯವರು ನೀರು ಕೊಟ್ಟರು, ಬೇಡವೆಂದರು. ದಣಿವಾಯಿತೇ ಎಂದರೆ ಇಲ್ಲವೆಂದು ತಲೆಯಾಡಿಸಿದರು. ಇಪ್ಪತ್ತು ನಿಮಿಷಕ್ಕೂ ಮೇಲಾದ ಬಳಿಕ ತಾವಾಗಿಯೇ ಕೋಲನ್ನು ಮುಂದಿಟ್ಟರು. ಏಕೆ ನಿಂತಿರಿ ಎಂದು ನಾವು ಕೇಳಲಿಲ್ಲ. ರೈಲಿನ ಹೊತ್ತಾಗುತ್ತಿದೆ ಎಂಬುದೇ ನಮ್ಮ ತಲೆಯಲ್ಲಿತ್ತು.

ಮೂರು ದಿನಗಳ ಮೇಲೆ ಮೊಮ್ಮಗಳು ಚಿತ್ರವನ್ನು ತೋರಿಸಿದಳು. ಗೆರೆಯು ಅಲ್ಲಲ್ಲಿ ಡೊಂಕಾಗಿ ಬಂದು, ಮೂರು ಕಡೆ ಗಂಟುಬಿದ್ದಿತ್ತು. ಮೂರನೆಯ ಗಂಟು ಎಲ್ಲಕ್ಕಿಂತ ದೊಡ್ಡದು, ಬಿಚ್ಚಿದ ನೂಲಿನುಂಡೆಯಂತೆ ಗೋಜಲು. “ಇದೇಕೆ ಹೀಗೆ? ಅಲ್ಲಿ ಅಣ್ಣನವರು ಕದಲಲೇ ಇಲ್ಲವಲ್ಲ” ಎಂದೆವು. ಅವಳು ಕಾರಣ ಹೇಳಿದಳು. ಉಪಗ್ರಹಗಳು ಚಲಿಸುತ್ತಿರುತ್ತವೆ, ಅವುಗಳ ಮಾತು ವಾತಾವರಣದಲ್ಲಿ ತುಸು ತಡೆಯುತ್ತದೆ, ಎಲೆಗಳಿಂದ ಮಂಕಾಗುತ್ತದೆ, ಗೋಡೆ-ಬಂಡೆಗಳಿಗೆ ತಾಗಿ ತಿರುಗಿ ಬರುತ್ತದೆ. ಆದ್ದರಿಂದ ಕದಲದೆ ನಿಂತವನ ನೆಲೆಯೂ ಸೆಕೆಂಡಿನಿಂದ ಸೆಕೆಂಡಿಗೆ ಕೆಲವು ಮೀಟರು ಅತ್ತಿತ್ತ ಅಲೆಯುತ್ತದೆ. ಇಪ್ಪತ್ತು ನಿಮಿಷವೆಂದರೆ 1,200 ಚುಕ್ಕಿಗಳು. ಅವೆಲ್ಲ ಒಂದರ ಮೇಲೊಂದು ಬೀಳದೆ ಸುತ್ತ ಚೆದುರಿ ಗಂಟಾಗಿವೆ. “ಇದು ಯಂತ್ರದ ದೋಷ ಅಜ್ಜಾ. ಸೋಸಿ ತೆಗೆಯುವ ಲೆಕ್ಕವಿದೆ, ನಾಳೆ ತೆಗೆದುಬಿಡುತ್ತೇನೆ” ಎಂದು ಹೇಳಿ, ಸೋಸದ ಧ್ವನಿಯನ್ನು ಒಮ್ಮೆ ಕೇಳಿಸಿದಳು.

ಮೂರು ಕಿಲೋಮೀಟರಿಗೆ ತಕ್ಕಂತೆ ಅವಳು ಅಳತೆಯನ್ನು ಹಿಗ್ಗಿಸಿದ್ದಳು. ಶ್ರುತಿಯ ಮೇಲೆ ಸ್ವರ ನಿಧಾನವಾಗಿ, ಮುದುಕರ ಹೆಜ್ಜೆಯ ಲಯದಲ್ಲಿ ಸಾಗಿತು. ಮರಗಳಿದ್ದಲ್ಲಿ ಜೊತೆಯ ದನಿಗಳು ಒಂದೊಂದಾಗಿ ಉಡುಗಿ, ಬಯಲಿಗೆ ಬಂದಾಗ ಮತ್ತೆ ಕೂಡಿಕೊಂಡವು. ಅನಂತರ ತಾಳ ನಿಂತಿತು. ಸ್ವರ ಮಾತ್ರ ನಿಲ್ಲದೆ, ಒಂದೇ ಸ್ಥಾನದ ಸುತ್ತ ನಡುಗುತ್ತ, ಬಿಟ್ಟು ಹೋಗಲಾರದೆ ತಿರುಗಿತು. ಅಣ್ಣನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮೊಮ್ಮಗಳು ಅದನ್ನು ಮುಂದಕ್ಕೆ ಓಡಿಸಲು ಕೈ ಚಾಚಿದಳು. “ಇರಲಿ. ತೆಗೆಯಬೇಡ. ಅಲ್ಲೇ ನಾನು ನಿಂತಿದ್ದು” ಎಂದರು.

ಅಂದು ಅವರು ಹೇಳಿದ್ದನ್ನು ಅಲ್ಲಿಯವರೆಗೆ ನಮಗೆ ಯಾರೂ ಹೇಳಿರಲಿಲ್ಲ. 1965ರ ಮಳೆಗಾಲ. ನಾವು ಆರು ವರ್ಷದವರು, ಅಣ್ಣನವರು ಹದಿನೆಂಟು. ನಮಗೆ ಜ್ವರ ತಲೆಗೇರಿ ಮಾತು ನಿಂತಿತ್ತಂತೆ. ನಮ್ಮನ್ನು ಹೆಗಲ ಮೇಲೆ ಹೊತ್ತು, ಮೇಲೆ ಕಂಬಳಿಯ ಕೊಪ್ಪೆ ಹಾಕಿ, ಸಂಜೆ ಖಾನಾಪುರದ ವೈದ್ಯರ ಬಳಿಗೆ ಹೊರಟರು. ಆ ಹಳ್ಳ ಆಗ ಸಂಕವಿಲ್ಲದ್ದು. ನೀರು ಎದೆಮಟ್ಟಕ್ಕೆ ಹರಿಯುತ್ತಿತ್ತು. ಇಳಿದರೆ ಇಬ್ಬರೂ ಹೋಗುತ್ತೇವೆ, ಹಿಂದಿರುಗಿದರೆ ತಮ್ಮ ಉಳಿಯುವುದಿಲ್ಲ. ಕೆಸರಿನಲ್ಲಿ ಕೂರುವಂತೆಯೂ ಇರಲಿಲ್ಲ. ನೀರು ಇಳಿಯುವವರೆಗೆ, ಎಂದರೆ ನಸುಕಿನವರೆಗೆ, ಅವರು ನಮ್ಮನ್ನು ಹೊತ್ತು ಅಲ್ಲಿ ನಿಂತಿದ್ದರು. “ನಿನ್ನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು, ತಮ್ಮಾ. ಅದು ನಿಲ್ಲಬಾರದು ಎಂದು ಎಣಿಸುತ್ತ ನಿಂತಿದ್ದೆ. ಕಾಲು ನಡುಗುತ್ತಿದ್ದವು. ಹೀಗೆಯೇ, ಈ ಸ್ವರದ ಹಾಗೆಯೇ.”

ಅರವತ್ತು ವರ್ಷ ಆ ಮಾತು ಅವರ ಹೊಟ್ಟೆಯಲ್ಲಿತ್ತು. ಏಕೆ ಹೇಳಲಿಲ್ಲವೆಂದು ಕೇಳಿದೆವು. “ನೀನು ಕೇಳಲಿಲ್ಲ. ಆ ದಿನ ಹಳ್ಳದ ಹತ್ತಿರವೂ ಕೇಳಲಿಲ್ಲ” ಎಂದರು. ಅದರಲ್ಲಿ ದೂರಿನ ದನಿಯಿರಲಿಲ್ಲ. ಆದರೂ ಆ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಅದೇ ಹಾದಿಯಲ್ಲಿ ನಾವು ಮೋಟಾರಿನಲ್ಲಿ ಎಷ್ಟು ಸಲ ಓಡಾಡಿದ್ದೇವೆ! ಒಮ್ಮೆಯೂ ನಿಂತಿರಲಿಲ್ಲ.

ಮೊಮ್ಮಗಳು ಸತ್ಯವಂತೆ. ನಮ್ಮ ಕಣ್ಣೀರನ್ನು ಕಂಡೂ ಅವಳು ತನ್ನ ವಿದ್ಯೆಗೆ ಮೋಸ ಮಾಡಲಿಲ್ಲ. “ಅಜ್ಜಾ, ಆ ನಡುಕ ದೊಡ್ಡಜ್ಜನವರ ಕಾಲಿನದಲ್ಲ. ಅಲ್ಲಿ ಒಂದು ಕಲ್ಲನ್ನು ಇಟ್ಟಿದ್ದರೂ ಇದೇ ಗಂಟು ಬೀಳುತ್ತಿತ್ತು” ಎಂದಳು. ನಿಜ. ಯಂತ್ರಕ್ಕೆ 1965 ಗೊತ್ತಿಲ್ಲ. ಅಣ್ಣನವರ ಹೆಗಲೂ ಗೊತ್ತಿಲ್ಲ. ನಾವು ಸ್ವಲ್ಪ ಯೋಚಿಸಿ ಹೇಳಿದೆವು: “ಕಲ್ಲು ಅಲ್ಲಿಗೆ ತಾನಾಗಿ ನಡೆದು ಬರುತ್ತಿರಲಿಲ್ಲ ಮಗೂ. ಎಲ್ಲಿ ನಿಲ್ಲಬೇಕೆಂದು ಆರಿಸಿದ್ದು ಅವರು.” ಅವಳು ಆ ಮಾತನ್ನು ಒಪ್ಪಿದಳು; ಸೋಸುವ ಲೆಕ್ಕವನ್ನು ಕೈಬಿಟ್ಟಳು. ಸ್ಥಾವರ-ಜಂಗಮ ಎಂಬ ಮಾತುಗಳನ್ನು ಬಾಲ್ಯದಿಂದ ಕೇಳುತ್ತ ಬೆಳೆದವರು ನಾವು. ಚಲಿಸುವುದೆಲ್ಲ ಜೀವಂತ, ನಿಂತದ್ದೆಲ್ಲ ಜಡ ಎಂದು ಸುಲಭವಾಗಿ ತಿಳಿದುಬಿಟ್ಟಿದ್ದೆವು. ಮೋಟಾರಿನಲ್ಲಿ ಓಡಿದ ನಮ್ಮ ಗೆರೆಯಲ್ಲಿ ಏನೂ ಇರಲಿಲ್ಲ. ನಿಂತವರ ಗಂಟಿನಲ್ಲಿ ನಮ್ಮ ಪ್ರಾಣವೇ ಇತ್ತು.

ಕಣ್ಣಿಲ್ಲದವರಿಗೆ ಚಿತ್ರದಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಖಾನಾಪುರದ ಮಣ್ಣೇ ಉತ್ತರ ಕೊಟ್ಟಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವ ಊರು ಅದು. ಮಣ್ಣಿನ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಪರಿಚಿತರಾದ ಕುಂಬಾರರೊಬ್ಬರು ಹದವಾದ ಮಣ್ಣನ್ನು ಒಂದು ಗೇಣಗಲದ ಬಿಲ್ಲೆಯಾಗಿ ತಟ್ಟಿಕೊಟ್ಟರು. ಮೊಮ್ಮಗಳು ಚಿತ್ರದ ಕಾಗದವನ್ನು ಅದರ ಮೇಲೆ ಹಾಸಿ, ಸೂಜಿಯಿಂದ ಗೆರೆಯುದ್ದಕ್ಕೂ ಚುಚ್ಚಿ ಗುರುತು ಮಾಡಿದಳು. ನಮ್ಮ ಮನೆಯವರು ಶ್ಯಾವಿಗೆ ಹೊಸೆಯುವಂತೆ ಮಣ್ಣಿನ ಸಣ್ಣ ಎಳೆಗಳನ್ನು ಹೊಸೆದು ಆ ಗುರುತಿನ ಮೇಲೆ ಕೂರಿಸಿದರು. ಗಂಟು ಬಂದಲ್ಲಿ ಎಳೆಯ ಮೇಲೆ ಎಳೆಯಿಟ್ಟು ಉಬ್ಬಿಸಿದರು. ನೆರಳಿನಲ್ಲಿ ಒಣಗಿಸಿ, ಆವಿಗೆಯಲ್ಲಿ ಸುಟ್ಟರು. ಮೊದಲ ಬಿಲ್ಲೆ ಸೀಳಿತು. ಎರಡನೆಯದು ಕೆಂಪಗೆ, ಗಟ್ಟಿಯಾಗಿ ಬಂದಿತು. ಉಪಗ್ರಹಗಳ ಲೆಕ್ಕ ಹೀಗೆ ಒಂದು ಹಂಚಿನ ತುಂಡಾಗಿ ಅಣ್ಣನವರ ತೊಡೆಯ ಮೇಲೆ ಬಂದು ಕುಳಿತಿತು. ಅವರು ತೋರುಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾರೆ. “ಹುಣಿಸೆಮರ” ಎನ್ನುತ್ತಾರೆ, “ಆವಿಗೆ” ಎನ್ನುತ್ತಾರೆ.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ತಮ್ಮ ಮನೆಗಳಲ್ಲಿಯೂ ಹಿರಿಯರಿದ್ದಾರೆ. ಅವರಿಗೂ ಒಂದು ದಾರಿಯಿದೆ. ಅದನ್ನು ದಾಖಲಿಸಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿಯೂ ನಡಿಗೆಯ ಗೆರೆಯನ್ನು ಉಳಿಸಿಕೊಳ್ಳಬಹುದು. ಆದರೆ ಅನೇಕ ಮೊಬೈಲುಗಳು ನಿಂತಲ್ಲಿಯ ಅಲೆದಾಟವನ್ನು ತಾವಾಗಿಯೇ ಸೋಸಿಬಿಡುತ್ತವೆ ಎಂಬುದು ನೆನಪಿರಲಿ. ಮಕ್ಕಳು ಅದರಿಂದ ಹಾಡು ಮಾಡಲಿ, ಚಿತ್ರ ಮಾಡಲಿ. ಏನನ್ನೂ ಮಾಡದಿದ್ದರೂ ಚಿಂತೆಯಿಲ್ಲ. ಹಿರಿಯರು ನಿಂತಲ್ಲಿ ನಿಲ್ಲಿರಿ. ಏಕೆ ನಿಂತಿರಿ ಎಂದು ಅಲ್ಲಿಯೇ ಕೇಳಿರಿ. ನಮ್ಮಂತೆ ರೈಲಿನ ಹೊತ್ತನ್ನು ನೋಡಿಕೊಂಡು ನಿಲ್ಲಬೇಡಿರಿ.

ಈಗ ರಾತ್ರಿ ಊಟವಾದ ಮೇಲೆ ಅಣ್ಣನವರು ಒಮ್ಮೊಮ್ಮೆ ಮೊಮ್ಮಗಳನ್ನು ಕರೆದು ಆ ದಾರಿಯನ್ನು ಹಚ್ಚಿಸುತ್ತಾರೆ. ನಾವೂ ಹತ್ತಿರ ಕುಳಿತುಕೊಳ್ಳುತ್ತೇವೆ. ಕಣ್ಣಿದ್ದೂ ನಮಗೆ ಆ ಸ್ವರಗಳ ಗುರುತು ಇನ್ನೂ ಚೆನ್ನಾಗಿ ಹತ್ತಿಲ್ಲ. ಎಲ್ಲಿಗೆ ಬಂದೆವೆಂದು ಈಗ ಕೇಳುವವರು ನಾವು. ತಾಳ ನಿಂತು ಸ್ವರ ನಡುಗತೊಡಗಿದಾಗ ಅವರು ನಮ್ಮ ಹೆಗಲ ಮೇಲೆ ಕೈಯಿಟ್ಟು, “ಹಳ್ಳಕ್ಕೆ ಬಂದೆವು” ಎನ್ನುತ್ತಾರೆ.